ಬೆಕ್ಕಿನ ಮಧುಮೇಹವೂ ಮನುಷ್ಯನ ದಯೆಯೂ

ಈ ಲೇಖನದ ಹೆಸರನ್ನು ಕಂಡು ವಾಚಕರಲ್ಲಿ ಕೆಲವರು ನಸುನಗಬಹುದು. ಮನುಷ್ಯರ ಮಧುಮೇಹಕ್ಕೇ ತಕ್ಕ ಉಪಚಾರ ಎಲ್ಲರಿಗೂ ದೊರೆಯದ ನಾಡಿನಲ್ಲಿ ಬೆಕ್ಕಿನ ಮಧುಮೇಹವನ್ನು ಹಿಡಿದು ಧರ್ಮವಿಚಾರ ಮಾಡಹೊರಟವನಿಗೆ ಬೇರೆ ಕೆಲಸವಿಲ್ಲವೆಂದೂ ಅನ್ನಬಹುದು. ಆ ಆಕ್ಷೇಪಣೆಯನ್ನು ಮುಂದೆ ವಿಚಾರಿಸೋಣ. ಪ್ರಕೃತ, ಪ್ರಶ್ನೆ ಯಾವುದೆಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಯುಕ್ತ. ವಾಸಿಯಾಗುವುದೆಂಬ ಭರವಸೆಯಿಲ್ಲದ, ಔಷಧಕ್ಕೆ ಸುಲಭವಾಗಿ ಬಗ್ಗದ ರೋಗವೊಂದು, ನಮ್ಮನ್ನೇ ನಂಬಿಕೊಂಡಿರುವ ಮೂಕಪ್ರಾಣಿಗೆ ತಗುಲುತ್ತದೆ. ಅದರ ಒಪ್ಪಿಗೆಯನ್ನು ನಾವು ಕೇಳಲಾರೆವು. ಮಾಡುವ ಕೆಲಸದ ಕಾರಣವನ್ನು ಅದಕ್ಕೆ ತಿಳಿಸಲಾರೆವು. ಹೀಗಿರಲು ದಿನಕ್ಕೆರಡು ಸಲ ಅದನ್ನು ಸೂಜಿಯಿಂದ ಚುಚ್ಚಿ ಬದುಕಿಸುವುದು ದಯೆಯೇ? ದಯೆಯೆನ್ನುವುದಾದರೆ, ಆ ದಯೆಗೆ ಮನಸ್ಸಿನ ಮೃದುತ್ವವೊಂದೇ ಸಾಕೇ, ಬೇರೆ ಏನಾದರೂ ಬೇಕೇ?

ನಮ್ಮ ಸೀಮೆಯಲ್ಲಿ ಬೆಕ್ಕು ವಿಲಾಸದ ವಸ್ತುವಾಗಿ ಮನೆಯೊಳಕ್ಕೆ ಬಂದದ್ದಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆಯಲ್ಲಿ, ಗುಡ್ಡಗಳ ನಡುವೆ ಹರಿಯುವ ಸುವರ್ಣಮುಖಿಗೆ ಮೈಸೂರು ಸಂಸ್ಥಾನದ ಕಾಲದಲ್ಲಿ ಕಟ್ಟೆ ಕಟ್ಟಿ ಜಲಾಶಯ ಮಾಡಿದರು. ಅಲ್ಲಿಂದ ಹುಳಿಯಾರು, ತಿಪಟೂರು, ತುರುವೇಕೆರೆಗಳ ಕಡೆಗೆ ಎತ್ತ ಹೋದರೂ ತೆಂಗಿನ ತೋಟಗಳೇ. ಈ ಸೀಮೆಯ ಹೆಸರು ಉಂಡೆಕೊಬ್ಬರಿಯಿಂದ ಬಂದದ್ದು. ಬಲಿತ ಕಾಯನ್ನು ಸುಲಿಯದೆ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಗುಡುಗುಡು ಎನ್ನುತ್ತದೆ. ಒಂದು ವರುಷದ ಜೀವನವು ಹೀಗೆ ತಲೆಯ ಮೇಲಣ ಕತ್ತಲಲ್ಲಿ ಕುಳಿತಿರುವಾಗ ಇಲಿ ಹೆಗ್ಗಣಗಳನ್ನು ತಡೆಯುವವರು ಯಾರಾದರೂ ಬೇಡವೆ? ಆದಕಾರಣ ತೋಟದ ಮನೆಯ ಬೆಕ್ಕಿಗೆ ಅಟ್ಟದ ಕಾವಲು ಪರಂಪರೆಯಿಂದ ಬಂದ ಉದ್ಯೋಗ. ಅದಕ್ಕೆ ಸಂಬಳವೆಂದರೆ ಕರೆದ ಹಾಲಿನಲ್ಲಿ ಒಂದು ಗುಟುಕು, ಒಲೆಯ ಪಕ್ಕದಲ್ಲಿ ಒಂದು ಮೂಲೆ.

ಇಂಥ ಮನೆಯೊಂದನ್ನು ಎಣಿಸಿಕೊಳ್ಳೋಣ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಮನೆಯಲ್ಲಿ ಅಜ್ಜಿ, ತೋಟ ನೋಡಿಕೊಳ್ಳಲು ನಿಂತ ಮೊಮ್ಮಗ, ಬೀಜ ತೆಗೆಸಿದ ಗಂಡುಬೆಕ್ಕು. ಅದಕ್ಕೀಗ ಹತ್ತು ಹನ್ನೊಂದು ವರುಷ. ಅಟ್ಟ ಹತ್ತುವುದನ್ನು ಬಿಟ್ಟಿದೆ. ಅಜ್ಜಿ ಉಂಡಾಗಲೆಲ್ಲ ಅದಕ್ಕೂ ಮೊಸರನ್ನ, ಹಾಲನ್ನ. ಬೆಕ್ಕು ದುಂಡಗಾಯಿತು, ನೋಡಿದವರು ಮೆಚ್ಚಿದರು. ಆಮೇಲೆ ಒಂದು ಬೇಸಗೆಯಲ್ಲಿ ಅದು ಬಚ್ಚಲ ನೀರನ್ನೂ ಬಿಡದೆ ಕುಡಿಯತೊಡಗಿತು. ಎಷ್ಟು ಇಟ್ಟರೂ ತಿಂದು ಮತ್ತೆ ಕೂಗಿತು. ತಿಂದರೂ ಬೆನ್ನೆಲುಬು ಕೈಗೆ ಸಿಕ್ಕುವಷ್ಟು ಬಡವಾಯಿತು. ಕೊನೆಗೆ ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ, ಕುಳಿತುಕೊಂಡೇ ನಡೆಯುವಂತೆ ನಡೆಯಿತು. ನರಗಳು ಕೆಟ್ಟಾಗ ಬೆಕ್ಕಿನಲ್ಲಿ ತೋರುವ ಲಕ್ಷಣವಿದು. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಮನುಷ್ಯರಲ್ಲಿ ಕಂಡು ಆ ರೋಗಕ್ಕೆ ಮಧುಮೇಹವೆಂದು ಹೆಸರಿಟ್ಟರು; ಅದೇ ಇರುವೆಯ ಸಾಲು ಈ ಮನೆಯ ಹಿತ್ತಿಲಲ್ಲಿಯೂ ಕಾಣಿಸಿತು.

ರೋಗದ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ಎಂಬ ರಸವು ರಕ್ತದ ಸಕ್ಕರೆಯನ್ನು ಜೀವಕೋಶಗಳೊಳಕ್ಕೆ ಸೇರಿಸುತ್ತದೆ. ಬೊಜ್ಜು ಬೆಳೆದ ಬೆಕ್ಕಿನಲ್ಲಿ ಆ ರಸದ ಮಾತು ನಡೆಯುವುದಿಲ್ಲ. ಗ್ರಂಥಿಯು ದುಡಿದು ದುಡಿದು ಸೋಲುತ್ತದೆ. ಅಲ್ಲಿಗೆ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಪ್ರಾಣಿಯ ಒಡಲು ಉಪವಾಸವಿರುತ್ತದೆ. ಈ ಒಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಚಿಕಿತ್ಸೆ ಮಾಡದೆ ಬಿಡುವುದೆಂದರೆ ಪ್ರಾಣಿಯನ್ನು ಅದರ ಪಾಡಿಗೆ ಶಾಂತವಾಗಿ ಬಿಟ್ಟಂತಲ್ಲ. ತಟ್ಟೆ ತುಂಬ ಅನ್ನವಿಟ್ಟು ಅದನ್ನು ಹಸಿವಿನಿಂದ ಸಾಯಲು ಬಿಟ್ಟಂತೆ.

ಇನ್ನು ಆಹಾರದ ಮಾತು. ನಮ್ಮ ಕಡೆಯ ಅನೇಕ ಮನೆಗಳಿಗೆ ಇದು ಬಲು ಸಂಕೋಚದ ವಿಷಯ. ಬೆಕ್ಕು ಹುಟ್ಟಿನಿಂದ ಮಾಂಸಾಹಾರಿ. ನಾಯಿಯು ಮನುಷ್ಯನ ಜತೆ ಅನ್ನಕ್ಕೆ ಒಗ್ಗಿಕೊಂಡಷ್ಟು ಬೆಕ್ಕು ಒಗ್ಗಿಲ್ಲ. ಮಾಂಸದಲ್ಲಿ ಮಾತ್ರ ಯಥೇಷ್ಟವಾಗಿರುವ ಟಾರಿನ್ ಎಂಬ ವಸ್ತು ಆಹಾರದಲ್ಲಿ ಇಲ್ಲದಿದ್ದರೆ ಅದರ ಕಣ್ಣೂ ಹೃದಯವೂ ಕೆಡುತ್ತವೆ. ಅನ್ನದ ಪಿಷ್ಟವೊಂದೇ ಮಧುಮೇಹವನ್ನು ತರುತ್ತದೆಯೆಂದು ಹೇಳುವುದು ದುಡುಕಾದೀತು. ಬೊಜ್ಜು ತರುತ್ತದೆಯೆಂಬುದರಲ್ಲಿ ಸಂದೇಹವಿಲ್ಲ. ರೋಗ ಬಂದಮೇಲಂತೂ ಪಿಷ್ಟವನ್ನು ತಗ್ಗಿಸಿ ಮಾಂಸಸತ್ತ್ವವನ್ನು ಹೆಚ್ಚಿಸಿದರೆ ಸಕ್ಕರೆಯು ಹತೋಟಿಗೆ ಬರುವುದು ಸುಲಭ. ಹೊತ್ತಿಗೆ ಮುಂಚೆ ಇನ್ಸುಲಿನ್ನನ್ನೂ ಆಹಾರವನ್ನೂ ಸರಿಪಡಿಸಿಕೊಂಡ ಕೆಲವು ಬೆಕ್ಕುಗಳಿಗೆ ಮುಂದೆ ಸೂಜಿಯೇ ಬೇಡವಾದದ್ದೂ ಉಂಟು.

ಹಾಗಾದರೆ ಈರುಳ್ಳಿಯೂ ಬೇಯದ ಒಲೆಯ ಮೇಲೆ ಕೋಳಿ ಬೇಯಬೇಕೆ? ಒಲೆ ಯಾವುದಾದರೂ ಆಗಲಿ, ಬೆಕ್ಕಿನ ತಟ್ಟೆಯಲ್ಲಿ ಅದು ಇರಬೇಕೆಂಬುದು ನನ್ನ ಅಭಿಪ್ರಾಯ. ವ್ರತವೆಂಬುದು ಹಿಡಿದವನ ನಾಲಗೆಗೆ ಹಾಕಿಕೊಂಡ ಬೇಲಿ. ಅದನ್ನು ಇನ್ನೊಂದು ಜೀವದ ಕರುಳಿಗೆ ಸುತ್ತುವ ಅಧಿಕಾರ ಯಾರೂ ಕೊಟ್ಟಿಲ್ಲ. ಅಟ್ಟದ ಮೇಲೆ ಅದು ಇಲಿಯನ್ನು ಹಿಡಿಯುತ್ತಿದ್ದಾಗ ಕೊಬ್ಬರಿ ಉಳಿಯಿತೆಂದು ಸಂತೋಷಪಟ್ಟ ಮನೆಯವರು, ಮುಪ್ಪಿನಲ್ಲಿ ಅದಕ್ಕೆ ಮಾಂಸವಿಡಬೇಕಾದಾಗ ಮಾತ್ರ ಅಹಿಂಸೆಯನ್ನು ನೆನೆಯುವುದು ಸಂಗತವೆಂದು ನನಗೆ ತೋರುವುದಿಲ್ಲ. ಅಡಿಗೆಮನೆಯ ಮಡಿ ಕೆಡದಂತೆ ಹೊರಗಿನಿಂದ ತಂದು ಹೊರಗಿಡಲಿ. ಪಕ್ಕದ ಮನೆಯವರಿಂದ ಬೇಯಿಸಿ ತರಿಸಲಿ. ಮಾಂಸದ ಸಂಪರ್ಕವೇ ಸಲ್ಲದೆನ್ನುವವರು ಬೆಕ್ಕನ್ನು ಸಾಕದಿರುವುದೇ ಪ್ರಾಮಾಣಿಕವಾದ ವ್ರತ.

ಸೂಜಿಗೆ ಬರೋಣ. ಮೊಮ್ಮಗನು ಬೆಳಗ್ಗೆ ಸೀಸೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸುತ್ತಿರುವಾಗ ಅಜ್ಜಿ ಕೇಳುತ್ತಾಳೆ: "ಯಾಕಪ್ಪ, ಆ ಮೂಕಜೀವಾನ ದಿನಾ ಹಿಂಗೆ ಚುಚ್ತೀಯ? ಬಿಟ್ಬಿಡು, ಅದ್ರ ಆಯಸ್ಸು ಇದ್ದಷ್ಟು ದಿನ ಇರ್ಲಿ." ಅವನು, "ಚುಚ್ಚದಿದ್ರೆ ಆಯಸ್ಸೇ ಇರಲ್ಲ ಅಜ್ಜಿ" ಎನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ದಯೆಯಿದೆ. ಅಜ್ಜಿಯ ದಯೆ ಕಣ್ಣೆದುರಿನ ನೋವನ್ನು ನೋಡಲಾರದು. ಮೊಮ್ಮಗನ ದಯೆ ಕಣ್ಣಿಗೆ ಕಾಣದ ನೋವನ್ನು ಎಣಿಸುತ್ತದೆ. ನಿಜಸ್ಥಿತಿಯೇನೆಂದರೆ, ಇನ್ಸುಲಿನ್ನಿನ ಸೂಜಿ ಕೂದಲಿನಷ್ಟು ಸಣ್ಣ. ಬೆಕ್ಕಿನ ಸಡಿಲ ಚರ್ಮವನ್ನೆತ್ತಿ ಹಾಕಿದರೆ ಎಷ್ಟೋ ಬೆಕ್ಕುಗಳು ತಿನ್ನುತ್ತಿರುವ ತಟ್ಟೆಯಿಂದ ತಲೆಯನ್ನೂ ಎತ್ತುವುದಿಲ್ಲ. ನೋವಿನ ತೂಕವು ಸೂಜಿಯಲ್ಲಿಲ್ಲ. ಅದು ಪ್ರಮಾಣದಲ್ಲಿದೆ.

ಇಲ್ಲಿ ಕನ್ನಡಿಗರಾದ ನಮಗೆ ಜನ್ನನ ಕಾವ್ಯದ ನೆನಪು ಬರದೆ ಇರದು. 1209ರಲ್ಲಿ ರಚಿತವಾದ ಯಶೋಧರಚರಿತೆಯಲ್ಲಿ ಅರಸನು ಕೊಂದದ್ದು ಹಿಟ್ಟಿನ ಕೋಳಿಯನ್ನು, ಪ್ರಾಣವಿದ್ದ ಕೋಳಿಯನ್ನಲ್ಲ. ಆದರೂ ಕೊಲ್ಲುವ ಸಂಕಲ್ಪವಿದ್ದದ್ದರಿಂದ ಅದು ಹಿಂಸೆಯಾಗಿ, ತಾಯಿಯೂ ಮಗನೂ ಜನ್ಮಜನ್ಮಾಂತರದಲ್ಲಿ ಪ್ರಾಣಿಗಳಾಗಿ ಹುಟ್ಟಿ ಅದನ್ನು ಅನುಭವಿಸಿದರು. ಸಂಕಲ್ಪಮಾತ್ರದಿಂದ ಹಿಂಸೆಯಾಗುವುದಾದರೆ ಸಂಕಲ್ಪಮಾತ್ರದಿಂದ ದಯೆಯೂ ಆಗಬೇಕಲ್ಲವೆ ಎಂದು ತರ್ಕಿಸಬಹುದು. ಆಗುವುದಿಲ್ಲವೆಂಬುದನ್ನು ಈ ರೋಗವು ತೋರಿಸಿಕೊಡುತ್ತದೆ. ನಮ್ಮ ಔಷಧಿ ಅಂಗಡಿಗಳಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಬಲದ ಇನ್ಸುಲಿನ್ನೂ ದೊರೆಯುತ್ತದೆ, 100 ಯೂನಿಟ್ ಬಲದ್ದೂ ದೊರೆಯುತ್ತದೆ. ಒಂದೊಂದಕ್ಕೂ ಪಿಚಕಾರಿ ಬೇರೆ. ನೂರರ ಔಷಧವನ್ನು ನಲವತ್ತರ ಪಿಚಕಾರಿಯಲ್ಲಿ ಒಂದು ಗೆರೆಯವರೆಗೆ ಎಳೆದರೆ ಬೆಕ್ಕಿನ ಮೈಗೆ ಹೋಗುವುದು ಎರಡೂವರೆ ಯೂನಿಟ್. ಒಂದೆರಡು ಯೂನಿಟ್ಟಿನಿಂದ ಚಿಕಿತ್ಸೆಯನ್ನು ಆರಂಭಿಸತಕ್ಕ ಪ್ರಾಣಿಗೆ ಇದು ಪ್ರಾಣಾಂತಿಕವಾಗಬಹುದು. ಎಳೆದವನ ಮನಸ್ಸಿನಲ್ಲಿ ಪ್ರೀತಿಯ ಹೊರತು ಬೇರೇನೂ ಇರಲಿಲ್ಲವೆಂಬುದು ಬೆಕ್ಕಿನ ರಕ್ತಕ್ಕೆ ತಿಳಿಯುವುದಿಲ್ಲ. ಕೇಡಿಗೆ ಸಂಕಲ್ಪವೊಂದೇ ಸಾಕು; ಒಳಿತಿಗಾದರೋ ಗೆರೆಯನ್ನೂ ಓದಬೇಕು.

ರೋಗವು ಪಳಗಿದಾಗ ಇದು ಸುಲಭ. ಪಳಗದ ರೋಗದಲ್ಲಿಯೇ ಮನುಷ್ಯನ ಪರೀಕ್ಷೆ. ಇಂದು 400 ಇದ್ದ ಸಕ್ಕರೆ ನಾಳೆ 120. ಅದೇ ಔಷಧ, ಅದೇ ಆಹಾರ, ನಾಳಿದ್ದು ಮತ್ತೆ 450. ಆಗ ಆತಂಕಗೊಂಡವನು ಪ್ರಮಾಣವನ್ನು ಏರಿಸುತ್ತಾನೆ. ಮಾರನೆಯ ದಿನ ಹೆದರಿ ಇಳಿಸುತ್ತಾನೆ. ನಮ್ಮ ಕೆರೆಗಳ ನೀರುಗಂಟಿಯನ್ನು ನೋಡಿದವರಿಗೆ ಇದರ ತಪ್ಪು ಬೇಗ ತಿಳಿದೀತು. ಅವನು ತೂಬನ್ನು ಒಂದಿಷ್ಟು ಎತ್ತಿ ಸುಮ್ಮನಿರುತ್ತಾನೆ. ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟಿತೆ ಎಂಬುದು ಗೊತ್ತಾಗಲು ಹೊತ್ತು ಹಿಡಿಯುತ್ತದೆ. ಅದಕ್ಕೆ ಮುಂಚೆ ತೂಬಿನ ಬಳಿ ಕುಣಿದರೆ ಮೇಲಣ ಗದ್ದೆ ಕೊಚ್ಚಿಹೋಗುತ್ತದೆ, ಕೊನೆಯದು ಒಣಗುತ್ತದೆ. ಬೆಕ್ಕಿನಲ್ಲಿಯೂ ಒಂದು ಪ್ರಮಾಣದ ಫಲವನ್ನು ತಿಳಿಯಲು ಹಲವು ದಿನ, ಸಾಮಾನ್ಯವಾಗಿ ಒಂದು ವಾರದ ತಾಳ್ಮೆ ಬೇಕು. ಏರಿಸುವುದಾದರೆ ಅರ್ಧ ಯೂನಿಟ್. ಅದೂ ಪಶುವೈದ್ಯರನ್ನು ಕೇಳಿ. ಇಳಿಸಬೇಕಾದಾಗ ಮಾತ್ರ ತಡಮಾಡಬಾರದು. ಸಕ್ಕರೆ ಏರಿದ ಬೆಕ್ಕು ಇನ್ನೊಂದು ದಿನ ಕಾದೀತು. ಸಕ್ಕರೆ ಇಳಿದ ಬೆಕ್ಕು ಒಂದು ಗಳಿಗೆ ಕಾಯಲಾರದು. ತೂರಾಡುವುದು, ನಡುಗುವುದು, ಸೆಳವು ಬರುವುದು ಇದರ ಲಕ್ಷಣ. ಆಗ ಬೆಲ್ಲದ ಪಾನಕವನ್ನೋ ಜೇನನ್ನೋ ವಸಡಿಗೆ ಸವರಿ, ಗಂಟಲಿಗೆ ಸುರಿಯದೆ, ವೈದ್ಯರಲ್ಲಿಗೆ ಓಡಬೇಕು.

ಪಳಗದಿರುವುದಕ್ಕೂ ಕಾರಣಗಳುಂಟು, ಅವನ್ನು ಬೆಕ್ಕಿನ ಹಣೆಬರಹವೆಂದು ಬಿಟ್ಟುಬಿಡುವುದು ಸೋಮಾರಿತನ. ಹಲ್ಲಿನ ಕೀವು, ಮೂತ್ರಕೋಶದ ಸೋಂಕು, ಹಿಂದೆ ತುರಿಕೆಗೆಂದು ಹಾಕಿಸಿದ ಸ್ಟೀರಾಯ್ಡ್ ಸೂಜಿ, ಮೇದೋಜೀರಕದ ಉರಿಯೂತ, ಬಿಸಿಲಿಗೆ ಕೆಟ್ಟುಹೋದ ಔಷಧದ ಸೀಸೆ ಇವೆಲ್ಲವೂ ಇನ್ಸುಲಿನ್ನಿನ ಬಲವನ್ನು ಮುರಿಯುತ್ತವೆ. ಇವುಗಳ ಜತೆಗೆ ಇನ್ನೊಂದಿದೆ. ಬ್ರಿಟನ್ನಿನಲ್ಲಿ ಮಧುಮೇಹವಿದ್ದ 1221 ಬೆಕ್ಕುಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು, ಸುಮಾರು ನಾಲ್ಕರಲ್ಲೊಂದಕ್ಕೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬೆಳವಣಿಗೆಯ ರಸ ಅತಿಯಾಗಿ ಸುರಿಯುವ ರೋಗವಿದೆಯೆಂದು ಅಂದಾಜು ಮಾಡಿತು. ಅಂಥ ಬೆಕ್ಕಿಗೆ ಔಷಧವೆಷ್ಟು ಕೊಟ್ಟರೂ ಸಾಲದು. ಮಧುಮೇಹವಿದ್ದೂ ಅದು ತೂಕದಲ್ಲಿ ಏರಬಹುದು. ಇದನ್ನು ತಿಳಿಯದ ಮನೆಯವನು ತನ್ನ ಕೈಯ ದೋಷವೆಂದು ಕೊರಗುತ್ತಾನೆ.

ತಿಳಿಯುವುದು ಹೇಗೆ? ತಾಲ್ಲೂಕಿನ ಪಶುಚಿಕಿತ್ಸಾಲಯಗಳು ದನ ಕುರಿಗಳ ಕೆಲಸದಲ್ಲಿಯೇ ಮುಳುಗಿರುತ್ತವೆ. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜಿನವರೆಗೆ ಬುಟ್ಟಿಯಲ್ಲಿ ಬೆಕ್ಕನ್ನು ಹೊತ್ತುಕೊಂಡು ಬಸ್ಸಿನಲ್ಲಿ ಹೋಗುವುದು ಅರ್ಧ ದಿನದ ಮಾತು. ಅಷ್ಟು ಕಷ್ಟಪಟ್ಟು ಹೋದಮೇಲೆ ಅಲ್ಲಿ ತೆಗೆದ ರಕ್ತವು ಏನು ಹೇಳುತ್ತದೆ? ಬೆಕ್ಕಿಗೆ ಭಯವಾದರೆ, ರೋಗವಿಲ್ಲದ ಬೆಕ್ಕಿಗೂ, ಸಕ್ಕರೆ ಬಹಳವಾಗಿ ಏರುತ್ತದೆ. ಆಸ್ಪತ್ರೆಯ ಅಂಕಿಯಲ್ಲಿ ರೋಗವೆಷ್ಟು, ಬಸ್ಸೆಷ್ಟು, ನಾಯಿಗಳ ಬೊಗಳೆಷ್ಟು ಎಂಬುದನ್ನು ವೈದ್ಯರು ತಾನೆ ಹೇಗೆ ಬಿಡಿಸಿಯಾರು? ಆದಕಾರಣ ಮನೆಯಲ್ಲಿಯೇ ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಅಳೆಯುವುದು ಬರಿಯ ಅನುಕೂಲಕ್ಕಲ್ಲ. ಬೆಕ್ಕಿನ ನಿಜವು ಬೆಕ್ಕು ನೆಮ್ಮದಿಯಾಗಿರುವ ಜಾಗದಲ್ಲಿ ಮಾತ್ರ ಸಿಕ್ಕುತ್ತದೆ. ಮನುಷ್ಯರಿಗೆಂದು ಮಾಡಿದ ಯಂತ್ರವು ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ತುಸು ಕಡಮೆ ತೋರಿಸುತ್ತದೆಯೆಂಬುದನ್ನು ನೆನಪಿನಲ್ಲಿಟ್ಟು ಬರೆದುಕೊಂಡರೆ, ದೊಡ್ಡ ಆಸ್ಪತ್ರೆಯ ವೈದ್ಯರಿಗೂ ಆ ಪುಸ್ತಕವೇ ಕಣ್ಣು.

ವಿಶಿಷ್ಟಾದ್ವೈತಿಗಳಲ್ಲಿ ಒಂದು ಹಳೆಯ ವಿವಾದವುಂಟು. ಕೋತಿಯ ಮರಿ ತಾಯಿಯನ್ನು ತಾನೇ ತಬ್ಬಿಕೊಳ್ಳುತ್ತದೆ. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿ ಅದರ ಕತ್ತಿನ ಚರ್ಮವನ್ನು ಕಚ್ಚಿ ಒಯ್ಯುತ್ತದೆ. ಭಗವಂತನಲ್ಲಿ ಜೀವನು ಯಾವ ಮರಿಯಂತಿರಬೇಕೆಂಬುದು ಅಲ್ಲಿಯ ಪ್ರಶ್ನೆ. ಮರ್ಕಟನ್ಯಾಯ, ಮಾರ್ಜಾಲನ್ಯಾಯ ಎಂದು ಅದಕ್ಕೆ ಹೆಸರು. ಇನ್ಸುಲಿನ್ ಹಾಕುವವನು ಕತ್ತಿನ ಹಿಂಬದಿಯ ಅದೇ ಚರ್ಮವನ್ನು ಎತ್ತುತ್ತಾನೆ. ಮರಿಯಾಗಿದ್ದಾಗಿನ ನೆನಪಿನಿಂದಲೋ ಏನೋ, ಮುದಿ ಬೆಕ್ಕೂ ಆಗ ಸುಮ್ಮನಾಗುತ್ತದೆ. ಅದರ ಮಟ್ಟಿಗೆ ಶರಣಾಗತಿಯು ಪೂರ್ಣವಾಗಿದೆ. ಆದರೆ ನ್ಯಾಯದ ಇನ್ನೊಂದು ಅರ್ಧವು ಇಲ್ಲಿ ಕುಂಟುತ್ತದೆ. ಮರಿಯು ನಿಶ್ಚಿಂತವಾಗಿರುವುದು ಸರಿಯಾಗಬೇಕಾದರೆ ಹೊರುವವನು ಸರ್ವಜ್ಞನಾಗಿರಬೇಕು. ಇಲ್ಲಿ ಹೊರುವವನು ನಿದ್ದೆಗಣ್ಣಿನ ಮನುಷ್ಯ; ಅವನ ಬಳಿ ಇರುವುದು ಒಂದು ಸೀಸೆ, ಒಂದು ಯಂತ್ರ, ಅರೆತಿಳಿವು. ಸರ್ವಾಧಿಕಾರವಿದ್ದೂ ಸರ್ವಜ್ಞತ್ವವಿಲ್ಲದವನು ಏನು ಮಾಡಬೇಕು? ಬರೆದಿಡಬೇಕು, ಕೇಳಬೇಕು, ಸ್ವಲ್ಪಸ್ವಲ್ಪವಾಗಿ ಕೈಯಾಡಿಸಬೇಕು, ತಾನು ಏರಿಸುತ್ತಿರುವುದು ಬೆಕ್ಕಿನ ಅಗತ್ಯಕ್ಕೋ ತನ್ನ ಆತಂಕದ ಶಮನಕ್ಕೋ ಎಂದು ಪ್ರತಿಸಲವೂ ವಿಚಾರಿಸಿಕೊಳ್ಳಬೇಕು. ಈ ಲೆಕ್ಕಾಚಾರವನ್ನು ದಯೆಯ ಮೇಲೆ ಹೊರಿಸಿದ ಹೊರೆಯೆಂದು ನಾನು ಎಣಿಸುವುದಿಲ್ಲ. ಶಕ್ತಿ ಒಂದೇ ಕಡೆ ಇರುವಾಗ ದಯೆಯು ತಾಳುವ ರೂಪವೇ ಅದು.

ಆರಂಭದಲ್ಲಿ ಹೇಳಿದ ಆಕ್ಷೇಪಣೆಗೆ ಈಗ ಬರಬಹುದು: ಮನುಷ್ಯರಿಗಿಲ್ಲದ್ದು ಬೆಕ್ಕಿಗೆ ಏತಕ್ಕೆ? ಮನೆಯಲ್ಲಿ ಮಗುವಿನ ಔಷಧಕ್ಕೂ ಬೆಕ್ಕಿನ ಔಷಧಕ್ಕೂ ಒಂದೇ ಹಣವಿದ್ದರೆ ಮಗುವಿನದೇ ಮುಂದು. ಇದರಲ್ಲಿ ನನಗೆ ಸಂಶಯವಿಲ್ಲ. ಆದರೆ ಸಾಮಾನ್ಯವಾಗಿ ಈ ಮಾತನ್ನು ಆಡುವವರು ಬೆಕ್ಕಿನಿಂದ ಉಳಿಸಿದ ಹಣವನ್ನು ಬಡವನ ಇನ್ಸುಲಿನ್ನಿಗೆ ಕಳುಹಿಸಿದ್ದನ್ನು ನಾನು ಕಂಡಿಲ್ಲ. ಅದಲ್ಲದೆ, ಇನ್ಸುಲಿನ್ ಯಾರ ಮೈಯಿಂದ ಬಂತೆಂಬುದನ್ನೂ ಕೇಳಬೇಕು. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ, ಮೇರಿಂಗ್ ಎಂಬ ಪಂಡಿತರು ನಾಯಿಯ ಮೇದೋಜೀರಕವನ್ನು ಕತ್ತರಿಸಿ ತೆಗೆದಾಗ ಅದಕ್ಕೆ ಮಧುಮೇಹ ಬಂದದ್ದರಿಂದ ರೋಗದ ನೆಲೆ ಗೊತ್ತಾಯಿತು. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬವರು ಮತ್ತೆ ನಾಯಿಗಳ ಮೇಲೆಯೇ ಪ್ರಯೋಗ ನಡೆಸಿದರು. ಮಾರ್ಜರಿ ಎಂದು ಹೆಸರಾದ ನಾಯಿಯೊಂದು ಅವರ ಔಷಧದ ಮೇಲೆ ಸುಮಾರು ಎಪ್ಪತ್ತು ದಿನ ಬದುಕಿತ್ತು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರುಷದ ಹುಡುಗನಿಗೆ ಮೊದಲ ಸೂಜಿ ಹಾಕಿದರು. ಶೋಧಕರು ತಮ್ಮ ಹಕ್ಕನ್ನು ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟದ್ದು ಸರಿಯಾಗಿಯೇ ಪ್ರಸಿದ್ಧವಾಗಿದೆ. ನಾಯಿಗಳನ್ನು ಯಾರೂ ಏನೂ ಕೇಳಲಿಲ್ಲ. 1982ರಲ್ಲಿ ಸೂಕ್ಷ್ಮಾಣುಗಳಿಂದ ತಯಾರಿಸಿದ ಮಾನವ ಇನ್ಸುಲಿನ್ನಿಗೆ ಅನುಮತಿ ದೊರೆಯುವವರೆಗೆ ಜಗತ್ತಿನ ರೋಗಿಗಳೆಲ್ಲ ದನ ಹಂದಿಗಳ ಗ್ರಂಥಿಯಿಂದ ತೆಗೆದದ್ದರಿಂದಲೇ ಬದುಕಿದರು. ದನದ ಇನ್ಸುಲಿನ್ನಿಗೂ ಬೆಕ್ಕಿನದಕ್ಕೂ ಭೇದವಿರುವುದು ಒಂದೇ ಒಂದು ಅಂಶದಲ್ಲಿ. ಪ್ರಾಣಿಗಳ ಗ್ರಂಥಿಯಿಂದ ಬಂದ ವಿದ್ಯೆಯಲ್ಲಿ ಒಂದು ತೊಟ್ಟು ಪ್ರಾಣಿಗೆ ಮರಳಿದರೆ ಅದನ್ನು ದುಂದುಗಾರಿಕೆಯೆನ್ನಲು ನನಗೆ ಬಾಯಿ ಬಾರದು.

ಹೊರೆಯು ಹಣದ್ದಕ್ಕಿಂತ ಹೆಚ್ಚಾಗಿ ಹೊತ್ತಿನದು. ಹನ್ನೆರಡು ಗಂಟೆಗೊಂದು ಸಲವೆಂದರೆ, ಮದುವೆಗೆ ಹೋದವನು ಊಟದೆಲೆ ಬಿಟ್ಟು ಏಳಬೇಕು. ಜಾತ್ರೆಯ ರಾತ್ರಿ ಊರಿನಲ್ಲಿ ಉಳಿಯುವಂತಿಲ್ಲ. ವಿದ್ಯುತ್ತು ಹೋದರೆ ಸೀಸೆಯನ್ನು ಒದ್ದೆ ಮರಳಿನ ಮಡಕೆಯಲ್ಲಿಡಬೇಕು. ಮೊಮ್ಮಗನು ಒಂದು ವಾರ ಊರಲ್ಲಿಲ್ಲದಿದ್ದರೆ ಸೂಜಿ ಯಾರ ಕೈಗೆ? ಪಕ್ಕದ ತೋಟದವರಿಗೆ ಕಲಿಸಿಡದೆ ಹೋಗುವುದು ಸರಿಯಲ್ಲ. ಕಲಿಯುವವರೇ ಇಲ್ಲದ ಮನೆ, ಹಣವಿಲ್ಲದ ಮನೆ, ಈ ಹೊರೆಯನ್ನು ಹೊರಲಾರೆನೆಂದು ವೈದ್ಯರೆದುರು ಹೇಳಿದರೆ ಅದನ್ನು ಪಾಪವೆಂದು ಹಳಿಯುವವರ ಜತೆ ನಾನು ಸೇರಲಾರೆ. ಸಾಕಿದವನು ಪ್ರಾಣಿಯ ಕ್ಷೇಮಕ್ಕೆ ನ್ಯಾಯವಾದ ಕ್ರಮಗಳನ್ನು ಕೈಗೊಳ್ಳಬೇಕೆಂದು 1960ರ ಪ್ರಾಣಿಹಿಂಸಾ ನಿವಾರಣೆಯ ಶಾಸನವೂ ಹೇಳುತ್ತದೆ. ಅಸಾಧ್ಯವಾದದ್ದನ್ನು ಮಾಡೆಂದು ಹೇಳುವುದಿಲ್ಲ. ಅರ್ಧ ಚಿಕಿತ್ಸೆಯಲ್ಲಿ ಎಳೆದಾಡಿಸುವುದಕ್ಕಿಂತ ವೈದ್ಯರ ಕೈಯಿಂದ ನೋವಿಲ್ಲದ ಮರಣವನ್ನು ಕೊಡಿಸುವುದು ಕಡಮೆ ಕ್ರೂರ. ಹಾಗೆ ಮಾಡದೆ, ಬೆಕ್ಕು ಎಲ್ಲಿಯೋ ಹೊರಟುಹೋಯಿತೆಂದು ಹೇಳಿಕೊಳ್ಳಲು ಅನುಕೂಲವಾಗುವಂತೆ ಅದನ್ನು ಕೆರೆಯ ಹಿಂದಣ ಕುರುಚಲಿನಲ್ಲಿ ಬಿಟ್ಟುಬರುವವರಿದ್ದಾರೆ. ಅವರ ವಿಷಯದಲ್ಲಿ ನನಗೆ ಈ ಮೃದುತ್ವವಿಲ್ಲ.

ಚಿಕಿತ್ಸೆಯನ್ನು ನಡೆಸುತ್ತಿರುವವನಿಗೂ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ತಪ್ಪಿದ್ದಲ್ಲ. ಅಂಕಿಗಳ ಮೋಹವು ಇಲ್ಲಿ ಅವನನ್ನು ದಾರಿ ತಪ್ಪಿಸಬಹುದು. ಆರೋಗ್ಯವಂತ ಬೆಕ್ಕಿನಂತೆ 80, 120ರ ನಡುವೆಯೇ ಇರಬೇಕೆಂದು ಹಟ ಹಿಡಿದರೆ ಸಕ್ಕರೆ ಕುಸಿಯುವ ಅಪಾಯದ ಅಂಚಿನಲ್ಲಿ ಅದನ್ನು ದಿನವೂ ನಡೆಸಿದಂತೆ. ದಿನದ ಬಹುಭಾಗ 100ಕ್ಕೂ 300ಕ್ಕೂ ನಡುವೆ ಇದ್ದು, ಬಾಯಾರಿಕೆ ತಗ್ಗಿ, ತೂಕ ನಿಂತರೆ, ಕಠಿನವಾದ ರೋಗದಲ್ಲಿ ಅದನ್ನೇ ಗೆಲವೆಂದು ಒಪ್ಪುವ ವೈದ್ಯರಿದ್ದಾರೆ. ಆದ್ದರಿಂದ ಮನೆಯ ಪುಸ್ತಕದಲ್ಲಿ ಸಕ್ಕರೆಗೊಂದು ಕಲಮು, ಔಷಧಕ್ಕೊಂದು ಕಲಮು ಇದ್ದಂತೆ ಮೂರನೆಯದೊಂದು ಇರಲಿ. ಇಂದು ತಾನಾಗಿ ತಿಂದಿತೆ, ಮೈ ನೆಕ್ಕಿಕೊಂಡಿತೆ, ಬಿಸಿಲಿಗೆ ಬಂದು ಮಲಗಿತೆ, ಕೈ ಚಾಚಿದರೆ ತಲೆಯೊಡ್ಡಿತೆ ಎಂಬುದನ್ನು ಅದರಲ್ಲಿ ಬರೆಯಬೇಕು. ಅದನ್ನು ಬರೆಯುವವಳು ಅಜ್ಜಿಯಾದರೆ ಇನ್ನೂ ಒಳ್ಳೆಯದು. ಸೂಜಿ ಹಿಡಿದ ಮೊಮ್ಮಗನ ಕಣ್ಣು ಅಂಕಿಯ ಮೇಲಿರುತ್ತದೆ. ಇಡೀ ದಿನ ಜಗಲಿಯಲ್ಲಿ ಬೆಕ್ಕಿನ ಜತೆ ಕುಳಿತವಳು ಅವಳು. ಮೊದಲೆರಡು ಕಲಮುಗಳು ಚೆನ್ನಾಗಿದ್ದೂ ಮೂರನೆಯದು ವಾರಗಟ್ಟಲೆ ಬರಿದಾಗಿದ್ದರೆ, ಅಂದು ಇಬ್ಬರೂ ಆ ಪುಸ್ತಕವನ್ನು ಮುಂದಿಟ್ಟುಕೊಂಡು ವೈದ್ಯರ ಹತ್ತಿರ ಕುಳಿತುಕೊಳ್ಳಬೇಕು.